ಅಕ್ಕನ ಬೋಣಿ

ನನ್ನ ಭಾವ ಇಪ್ಪತ್ತಾರು ವರ್ಷ ಒಂದೇ ಚಮಚವನ್ನು ದಿನಾ ಮಾರಿದರು. ದಿನಾ ಕೊಂಡವಳು ನನ್ನ ಅಕ್ಕ.

ಮಧುಗಿರಿ ಪೇಟೆಯಲ್ಲಿ ಅವರದು ಪಾತ್ರೆ ಅಂಗಡಿ. ಭಾವ ಬೆಳಿಗ್ಗೆ ಶಟರ್ ಎತ್ತಿ, ಕಸ ಗುಡಿಸಿ, ಊದುಬತ್ತಿ ಹಚ್ಚುವ ಹೊತ್ತಿಗೆ ಅಕ್ಕ ಹಿಂದಿನ ಮನೆಯಿಂದ ಕಾಫಿ ಲೋಟ ಹಿಡಿದು ಬರಬೇಕು. ಲೋಟ ಕೊಟ್ಟು, ಸೆರಗಿನ ಗಂಟಿನಿಂದ ಒಂದು ರೂಪಾಯಿ ತೆಗೆದು, "ಒಂದು ಚಮ್ಚ ಕೊಡಿ" ಅನ್ನಬೇಕು. ಭಾವ ಅವಳ ಮುಖವನ್ನೇ ಕಂಡಿಲ್ಲದವರ ಹಾಗೆ ಗಂಭೀರವಾಗಿ ಮೊಳೆಗೆ ನೇತುಹಾಕಿದ ಚಮಚ ತೆಗೆದುಕೊಟ್ಟು, ರೂಪಾಯಿಯನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕುತ್ತಿದ್ದರು. ಅಲ್ಲಿಗೆ ಆ ದಿನದ ಬೋಣಿ ಆಯಿತು. ಸಾಯಂಕಾಲ ಚಮಚ ಮತ್ತೆ ಅದೇ ಮೊಳೆಗೆ.

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ ಅಂತ ಎಲ್ಲರಿಗೂ ಗೊತ್ತು. ಆದರೆ ನಮ್ಮ ಪೇಟೆಯವರಿಗೆ ಅದು ವ್ಯಾಪಾರಕ್ಕಿಂತ ದೊಡ್ಡದು. ಯಾರ ಕೈಯಿಂದ ಬೋಣಿ ಆಗುತ್ತದೋ ಇಡೀ ದಿನ ಅವರ ಕೈಗುಣದ ಮೇಲೆ ನಡೆಯುತ್ತದೆ. ಮೊದಲು ಬಂದ ಗಿರಾಕಿ ಏನೂ ಕೊಳ್ಳದೆ ಹಿಂದಿರುಗಿದರಂತೂ ಆ ದಿನದ ಕಥೆ ಮುಗಿಯಿತು. ಅಕ್ಕನ ಕೈಗುಣ ಒಳ್ಳೆಯದು ಎಂದು ಹೆಸರಾಗಿತ್ತು. ಅವಳು ಬೆಳಿಗ್ಗೆ ಹೂವಿಗೆ ಹೊರಟರೆ ಅಕ್ಕಪಕ್ಕದ ಅಂಗಡಿಯವರು, "ಅಕ್ಕಾ, ನಮ್ಗೂ ಒಂದ್ ಬೋಣಿ ಮಾಡ್ಬುಟ್ಟು ಹೋಗಿ" ಎಂದು ಕೂಗುತ್ತಿದ್ದರು. ಅವಳು ಒಬ್ಬರ ಹತ್ತಿರ ಬೆಂಕಿಪೊಟ್ಟಣ, ಇನ್ನೊಬ್ಬರ ಹತ್ತಿರ ಎರಡು ನಿಂಬೆಹಣ್ಣು ತೆಗೆದುಕೊಂಡು, ತಹಸೀಲ್ದಾರರು ರೌಂಡ್ಸ್ ಮುಗಿಸಿದ ಗತ್ತಿನಲ್ಲಿ ಮನೆಗೆ ಬರುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಭಾವ ತೀರಿಕೊಂಡರು. ಅಂಗಡಿಯನ್ನು ಬೇರೆಯವರಿಗೆ ಕೊಟ್ಟೆವು. ತಿಂಗಳು ಕಳೆದ ಮೇಲೆ ಅಕ್ಕ ಒಂದು ಸೋಮವಾರ ಬೆಳಿಗ್ಗೆ ಹೂವಿಗೆ ಹೋದಳು. ನಾನೂ ಜೊತೆಯಲ್ಲಿದ್ದೆ. ಹೂವಿನವಳು ತಲೆ ಎತ್ತಿ ನೋಡಿ, ಕೈಲಿದ್ದ ಸೇವಂತಿಗೆ ಮಾಲೆಯನ್ನು ಬುಟ್ಟಿಗೆ ಇಳಿಸಿ, "ಒಂಚೂರು ತಡ್ಕಳಿ ಅಕ್ಕ, ಇನ್ನಾ ಬೋಣಿ ಆಗಿಲ್ಲ" ಅಂದಳು. ಹಿಂದೆ ಅಕ್ಕನನ್ನು ಕೂಗಿ ಕರೆಯುತ್ತಿದ್ದ ಬಾಯಿ ಅದೇ.

ಅಕ್ಕನಿಗೆ ಅರ್ಥವಾಯಿತು. ಅವಳು ಜಗಳವಾಡಲಿಲ್ಲ. ಪಕ್ಕಕ್ಕೆ ಸರಿದು ನಿಂತು, ಮತ್ತೊಬ್ಬಾಕೆ ಬಂದು ಕೊಂಡ ಮೇಲೆ ತಾನೂ ಒಂದು ಮೊಳ ಕೊಂಡಳು. ಅವತ್ತಿನಿಂದ ಹತ್ತು ಗಂಟೆಯ ಮುಂಚೆ ಪೇಟೆಗೆ ಕಾಲಿಡಲಿಲ್ಲ. ನನಗೆ ಮೈಯೆಲ್ಲ ಉರಿದಿತ್ತು. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ನಮ್ಮ ಮನೆತನದವರು ವೇದಿಕೆ ಸಿಕ್ಕಿದರೆ ಸಾಕು ಭಾಷಣ ಬಿಗಿಯುತ್ತಾರೆ. ಆ ಭಾಷಣ ಪೇಟೆ ಬೀದಿಯವರೆಗೆ ಬಂದೇ ಇಲ್ಲ.

ಹೂವಿನವಳನ್ನು ಬೈಯುವುದು ಸುಲಭ. ನಾನು ಏನು ಮಾಡಿದ್ದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದೇ ವರ್ಷ ನನ್ನ ಹೊಸ ಮನೆಯ ಗೃಹಪ್ರವೇಶವಾಯಿತು. ಹಾಲು ಉಕ್ಕಿಸುವ ಹೊತ್ತಿಗೆ ಅಕ್ಕ ತಾನಾಗಿಯೇ ಹಿತ್ತಿಲ ಬಾಗಿಲ ಹತ್ತಿರ ಹೋಗಿ ನಿಂತಳು. ನಾನು ನೋಡಿದೆ. ಕರೆಯಲಿಲ್ಲ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವ ಮೇಡಂ ನಾನು.

ಅಕ್ಕನಿಗೆ ಒಬ್ಬಳೇ ಮಗಳು. ಬೆಂಗಳೂರಿನಲ್ಲಿ ಏಳು ವರ್ಷ ಯಾರ ಯಾರದೋ ಕೆಫೆಗಳಲ್ಲಿ ದುಡಿದು, ಕೊನೆಗೆ ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ ತನ್ನದೇ ಅಂಗಡಿ ಹಿಡಿದಳು. ಮಾರುವುದು ಬರೀ ಕಡಲೆಕಾಯಿ. ಪಾವಗಡದ ಕಡೆ, ವೈ.ಎನ್. ಹೊಸಕೋಟೆಯ ಹೊಲಗಳಿಂದ ತರಿಸಿದ ಕಾಯಿ. ಅದರ ಚಿಕ್ಕಿ, ಚಟ್ನಿಪುಡಿ, ಹುರಿದ ಬೀಜ, ಗಾಣದ ಎಣ್ಣೆ. ಫೋಟೋ ಕಳಿಸಿದ್ದಳು. ಅಂಗಡಿ ನಮ್ಮ ಬಚ್ಚಲುಮನೆಯಷ್ಟಿತ್ತು. ಅದಕ್ಕೆ ಕೊಡುವ ಬಾಡಿಗೆ ಕೇಳಿದರೆ ಮಧುಗಿರಿ ಬೆಟ್ಟವನ್ನೇ ಬಾಡಿಗೆಗೆ ಹಿಡಿಯಬಹುದು ಅನ್ನಿಸಿತು.

"ಭಾನುವಾರ ಶುರು ಅಮ್ಮ. ಹತ್ತೂವರೆಗೆ ಬಾಗ್ಲು ತೆಗೀತೀನಿ. ಬೋಣಿ ನೀನೇ ಮಾಡ್ಬೇಕು," ಎಂದು ಫೋನಿನಲ್ಲಿ ಹೇಳಿದಳು.

ಅಕ್ಕ ಫೋನನ್ನು ಬಿಸಿ ತಪ್ಪಲೆಯ ಹಾಗೆ ಕಿವಿಯಿಂದ ದೂರ ಹಿಡಿದಳು. "ನಾನಾ? ಬ್ಯಾಡ ಕಣಮ್ಮ. ಅಷ್ಟೊಂದು ಸಾಲ ಸೋಲ ಮಾಡಿ ಇಟ್ಟಿದೀಯ. ಯಾರಾರ ಒಳ್ಳೆ ಕೈಯೋರು ಮಾಡ್ಲಿ. ಆಮ್ಯಾಕೆ ಬತ್ತೀನಿ."

"ಆಮೇಲೆ ಬಂದ್ರೆ ಅದು ಬೋಣಿ ಆಗಲ್ಲಮ್ಮ."

"ಅದಕ್ಕೇ ಕಣೇ ಆಮ್ಯಾಕೆ ಬತ್ತೀನಿ ಅಂದಿದ್ದು."

ತಾಯಿ ಮಗಳು ಇಬ್ಬರೂ ಕಲ್ಲುಗುಂಡು. ನಾನು ಮಧ್ಯೆ ಬಾಯಿ ಹಾಕಿ, ನಾನೇ ಬೋಣಿ ಮಾಡುತ್ತೇನೆ ಬಿಡಿ ಅಂದೆ. ಅಕ್ಕನಿಗೆ ಸಮಾಧಾನವಾಯಿತು. ಮಗಳು ಫೋನ್ ಇಟ್ಟಳು. ಆದರೂ ಅಕ್ಕನಿಗೆ ಒಳಗೊಳಗೇ ಅಳುಕು. ತಾನು ಪಕ್ಕದಲ್ಲಿ ನಿಂತಿದ್ದರೆ, ನಾನು ಬೋಣಿ ಮಾಡಿದರೂ ಯಾರ ನೆರಳು ಮುಂಚೆ ಬಿತ್ತೋ ಯಾರಿಗೆ ಗೊತ್ತು? ಹಾಗಾಗಿ ಅವಳೇ ಒಂದು ಯೋಜನೆ ಹಾಕಿದಳು. ಬೆಳಗಿನ ಬಸ್ಸಿಗೇ ಹೋಗುವುದು, ಮಧ್ಯಾಹ್ನ ಎರಡರವರೆಗೆ ಆ ಬಡಾವಣೆಯಲ್ಲೇ ಅಲೆಯುವುದು, ಅಷ್ಟರಲ್ಲಿ ಯಾರಾದರೂ ಪುಣ್ಯಾತ್ಮರು ಬೋಣಿ ಮಾಡಿರುತ್ತಾರೆ, ಆಮೇಲೆ ನಿಶ್ಚಿಂತೆಯಿಂದ ಅಂಗಡಿಗೆ ಕಾಲಿಡುವುದು. "ನೀನೂ ಎಂದೂ ನೋಡಿಲ್ಲ ಆ ಏರಿಯಾನ. ಕಾಫಿ ಗೀಫಿ ಕುಡ್ಕಂಡು ಸುತ್ತಾಡಣ ಬಾ" ಎಂದು ನನಗೆ ಆಸೆ ಬೇರೆ ತೋರಿಸಿದಳು. ನಾನು ಕಾಫಿಗೆ ಸೋಲುವವಳು. ಒಪ್ಪಿಕೊಂಡೆ.

ಭಾನುವಾರ ಆರು ಗಂಟೆಯ ಬಸ್ಸು. ಕೊರಟಗೆರೆಯಲ್ಲಿ ಒಂದು ಮದುವೆ ದಿಬ್ಬಣವೇ ಹತ್ತಿ, ಅಕ್ಕನ ತೊಡೆಯ ಮೇಲೆ ಯಾರದೋ ಮಗು ಕೂತಿತು. ದಾಬಸ್‌ಪೇಟೆ, ನೆಲಮಂಗಲ ದಾಟಿ, ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಇಂದಿರಾನಗರದಲ್ಲಿ ಇಳಿದಾಗ ಹತ್ತು ಗಂಟೆಯೂ ಆಗಿರಲಿಲ್ಲ.

ಬೀದಿಗಳು ಚೆಂದವಾಗಿದ್ದವು. ಮರಗಳು ರಸ್ತೆಯ ಮೇಲೆ ಚಪ್ಪರ ಹಾಕಿದ್ದವು. ಆದರೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ನಮ್ಮಲ್ಲಿ ಅಷ್ಟು ಹೊತ್ತಿಗೆ ಅರ್ಧ ವ್ಯಾಪಾರ ಮುಗಿದು, ಅಂಗಡಿಯವನು ಎರಡನೇ ಕಾಫಿಗೆ ಹೇಳಿ ಕಳಿಸಿರುತ್ತಾನೆ. ಇಲ್ಲಿ ಊರಿಗೆ ಊರೇ ಮಲಗಿತ್ತು. ಎದ್ದಿದ್ದವು ನಾಯಿಗಳು, ಅವನ್ನು ಹಿಡಿದವರು, ಮತ್ತು ಕೆಫೆಗಳು.

ಮೊದಲನೇ ಕೆಫೆಯ ಬಾಗಿಲಲ್ಲಿ ಅಕ್ಕ ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಗಾಜಿನಿಂದ ಒಳಗೆ ಇಣುಕಿ ತಲೆ ಎಣಿಸಿದಳು. "ಏಳು ಜನ ಕುಂತವ್ರೆ. ಬೋಣಿ ಆಗೈತೆ. ಬಾ."

ಒಳಗೆ ಗೋಡೆಗೆ ಗಾರೆ ಇರಲಿಲ್ಲ, ಇಟ್ಟಿಗೆ ಹಾಗೇ ಕಾಣುತ್ತಿತ್ತು. ಸೂರಿನಿಂದ ಬರೀ ವೈರಿನಲ್ಲಿ ಬಲ್ಬುಗಳು ಜೋತಾಡುತ್ತಿದ್ದವು. ಒಂದು ಕುರ್ಚಿಯ ಹಾಗೆ ಇನ್ನೊಂದು ಇರಲಿಲ್ಲ. "ಪಾಪ, ಕಟ್ಟಡ ಮುಗ್ಸಕ್ಕೆ ಆಗಿಲ್ಲ ಕಣೇ," ಎಂದು ಅಕ್ಕ ಮರುಗಿದಳು. ಮೆನುವನ್ನು ನಮ್ಮ ಮಕ್ಕಳು ಪರೀಕ್ಷೆಗೆ ತರುವಂಥ ಪ್ಯಾಡಿಗೆ ಕ್ಲಿಪ್ ಹಾಕಿ ಕೊಟ್ಟರು. ನನಗೆ ಕೂಡಲೇ ಕೆಂಪು ಪೆನ್ನು ಬೇಕೆನಿಸಿತು. ಕಾಫಿಯಲ್ಲಿ ಹನ್ನೊಂದು ಜಾತಿ ಇದ್ದವು. ನಮ್ಮ ಜಾತಿಯದು ಯಾವುದು ಅಂತ ತಿಳಿಯಲಿಲ್ಲ. ಕೊನೆಗೆ ಅಕ್ಕನೇ ಆರ್ಡರು ತೆಗೆದುಕೊಳ್ಳುವ ಹುಡುಗಿಗೆ, "ಒಂದು ಕಾಫಿ, ಬೈ ಟೂ ಕೊಡಮ್ಮ" ಅಂದಳು.

ಹುಡುಗಿ ನಗಲಿಲ್ಲ, ಇಲ್ಲವೆನ್ನಲಿಲ್ಲ. ಒಂದು ತುಂಬಿದ ಕಪ್ಪು, ಒಂದು ಖಾಲಿ ಕಪ್ಪು ತಂದಿಟ್ಟಳು. ಕಾಫಿಯ ನೊರೆಯ ಮೇಲೆ ಅರಳಿ ಎಲೆಯಂಥ ಚಿತ್ತಾರ. ಅಕ್ಕ ಬಗ್ಗಿಸಲು ಹೋದವಳು ನಿಲ್ಲಿಸಿದಳು. "ಅಷ್ಟ್ ಚೆಂದಾಗಿ ಬರ್ದವ್ರೆ, ಹೆಂಗೆ ಕೆಡ್ಸದು?" ಎಂದಳು. ಇಬ್ಬರೂ ಐದು ನಿಮಿಷ ಎಲೆಯನ್ನು ನೋಡಿದೆವು. ಅದು ತಾನಾಗಿಯೇ ಕೆಟ್ಟುಹೋಯಿತು, ಕಾಫಿ ಆರಿಯೂ ಹೋಯಿತು. ಜೊತೆಗೆ ಬ್ರೆಡ್ಡಿನ ಮೇಲೆ ಬೆಣ್ಣೆಹಣ್ಣು ಸವರಿದ್ದನ್ನು ತಿಂದೆವು. ಹಲ್ಲು ಬರುವ ಮುಂಚೆ ಮಕ್ಕಳಿಗೆ ತಿನ್ನಿಸುವ ಹಾಗಿದೆ ಎಂದು ಅಕ್ಕ ತೀರ್ಪು ಕೊಟ್ಟಳು. ಆದರೂ ತಟ್ಟೆಯಲ್ಲಿ ಚೂರೂ ಉಳಿಸಲಿಲ್ಲ.

ಹನ್ನೊಂದಾಯಿತು. ಅಂಗಡಿಗಳು ಒಂದೊಂದಾಗಿ ಕಣ್ಣು ಬಿಟ್ಟವು. ಎದುರಿಗೆ ಮೇಣದಬತ್ತಿಯ ಅಂಗಡಿಯೊಂದಿತ್ತು. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಸೆಕ್ಯೂರಿಟಿಯವರು ನಮ್ಮ ಮಾತು ಕೇಳಿ ಎದ್ದು ನಿಂತರು. ಐವತ್ತರ ಮೇಲಿನ ವಯಸ್ಸು, ದಪ್ಪ ಮೀಸೆ.

"ಯಾವೂರು ತಾಯಿ?"

"ಮಧುಗಿರಿ."

"ಅಯ್ಯೋ, ನಂದು ಸಿರಾ ತಾಲೂಕು, ಗೌಡಗೆರೆ! ಮಾತ್ ಕೇಳ್ದೇಟ್ಗೇ ಗೊತ್ತಾಯ್ತು. ಒಳಿಕ್ಕೆ ಓಗಿ ತಾಯಿ, ನೋಡಕ್ಕೆ ಕಾಸಿಲ್ಲ."

ಆ ಮಾತಿನ ಭರದಲ್ಲಿ ನಾವು ತಲೆ ಎಣಿಸುವುದನ್ನೂ ಮರೆತು ಬಾಗಿಲಲ್ಲಿ ಕಾಲಿಟ್ಟೆವು. ಕೌಂಟರಿನ ಹುಡುಗಿ ಮುಖ ಅರಳಿಸಿಕೊಂಡು, "ಬನ್ನಿ ಅಮ್ಮ, ನೀವೇ ಇವತ್ತು ನಮ್ಮ ಫಸ್ಟ್ ಕಸ್ಟಮರ್!" ಎಂದಳು.

ಅಕ್ಕನ ಬಣ್ಣ ಇಳಿಯಿತು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಹಾಗೇ ನಿಂತಳು. ಅವಳ ಸಂಕಟ ನನಗೊಬ್ಬಳಿಗೆ ಗೊತ್ತು. ಒಳಗೆ ಹೋಗಿ ಕೊಂಡರೆ ತನ್ನ ಕೈಯಿಂದ ಬೋಣಿ ಆಗುತ್ತದೆ, ಆ ಹುಡುಗಿಯ ದಿನ ಏನಾಗುತ್ತದೋ. ಕೊಳ್ಳದೆ ಹೊರಟರೆ ಮೊದಲ ಗಿರಾಕಿ ಬರಿಗೈಲಿ ಹೋದಂತಾಗುತ್ತದೆ, ಅದು ಮಹಾಪಾಪ. ಪಾತ್ರೆ ಅಂಗಡಿಯ ಸೊಸೆಯಾಗಿ ಇಪ್ಪತ್ತಾರು ವರ್ಷ ಬಾಳಿದವಳು ಎರಡನೆಯದನ್ನು ಹೇಗೆ ಮಾಡಿಯಾಳು? "ನೀನ್ ತಗಳೇ," ಎಂದು ನನ್ನನ್ನು ತಿವಿದಳು. ಅಷ್ಟರಲ್ಲಿ ಹುಡುಗಿ ಇಡ್ಲಿ ಆಕಾರದ ಮೇಣದಬತ್ತಿಯೊಂದನ್ನು ಅಕ್ಕನ ಕೈಯಲ್ಲೇ ಇಟ್ಟುಬಿಟ್ಟಳು. "ಇದು ತುಂಬಾ ಚಿಕ್ಕದು, ನೋಡಿ ಎಷ್ಟು ಕ್ಯೂಟ್."

ಅಕ್ಕ ಬೆಲೆ ಕೇಳಿದಳು. ಕೇಳಿ ಉಗುಳು ನುಂಗಿದಳು. ಆದರೂ ರೂಢಿ ಬಿಡಲಿಲ್ಲ. "ಬೋಣಿ ರೇಟು ಹೇಳವ್ವ." ಹುಡುಗಿಗೆ ಹಾಗೊಂದು ರೇಟು ಇದೆಯೆಂದೇ ಗೊತ್ತಿರಲಿಲ್ಲ. ಪೂರ್ತಿ ಬೆಲೆ ಕೊಟ್ಟು ಇಡ್ಲಿ ಹಿಡಿದು ಹೊರಗೆ ಬಂದೆವು. ಅಕ್ಕ ಮೆಟ್ಟಿಲಿಳಿದು ಹಿಂದಕ್ಕೆ ತಿರುಗಿ, ಕೈಮುಗಿದು, "ಆ ಮಗೀಗೆ ಏನೂ ಆಗ್ದಂಗೆ ನೋಡ್ಕಳಪ್ಪ ಶಿವನೇ" ಅಂದಳು.

ಇದು ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಮುಂದಿನದು ಪೆನ್ನು, ಪುಸ್ತಕ, ಕಾಗದದ ಅಂಗಡಿ. ಅಕ್ಕ ಹೊರಗಿನಿಂದ ಇಣುಕಿದಾಗ ಒಳಗೆ ಇಬ್ಬರು ಕಂಡರು. ಧೈರ್ಯವಾಗಿ ನುಗ್ಗಿದಳು. ಇಬ್ಬರೂ ಅಲ್ಲಿ ಕೆಲಸ ಮಾಡುವವರು! ಇಬ್ಬರೂ ಒಟ್ಟಿಗೇ ಗುಡ್ ಮಾರ್ನಿಂಗ್ ಹೇಳಿದರು. ಮತ್ತೆ ನಾವೇ ಮೊದಲು. ಇಡೀ ಅಂಗಡಿಯಲ್ಲಿ ಅತಿ ಚಿಕ್ಕದು ಒಂದು ಪೆನ್ಸಿಲ್. ಅದರ ಹಿಂಬದಿಯಲ್ಲಿ ತುಳಸಿ ಬೀಜ ಇಟ್ಟಿದ್ದರು. ಬರೆದು ಬರೆದು ಸಣ್ಣಗಾದ ಮೇಲೆ ಮಣ್ಣಿಗೆ ನೆಟ್ಟರೆ ಗಿಡ ಬರುತ್ತದಂತೆ. ನನ್ನ ಕ್ಲಾಸಿನ ಮಕ್ಕಳಿಗೆ ಕೊಟ್ಟರೆ ಮೊದಲನೇ ದಿನವೇ ಬೀಜ ತಿಂದು ಹಾಕುತ್ತಾರೆ.

ಮೂರನೆಯದು ಗಿಡದ ಅಂಗಡಿ. ಅಲ್ಲಂತೂ ಮಾಲೀಕನೂ ಇರಲಿಲ್ಲ; ನಾವು ಹೋದ ಮೇಲೆ ಒಳಗಿನಿಂದ ಆಕಳಿಸುತ್ತಾ ಬಂದ. ಅಕ್ಕ ಹೆಬ್ಬೆರಳಿನಷ್ಟಿದ್ದ ಪಾಪಾಸುಕಳ್ಳಿ ಕೊಂಡಳು. ನನಗೆ ನಗು ತಡೆಯಲಾಗಲಿಲ್ಲ. "ಅಕ್ಕ, ಪಾವಗಡದ ಕಡೆ ಇದನ್ನ ಬೇಲಿಗೆ ಹಾಕ್ತಾರೆ. ದನ ಕೂಡ ಮೂಸಲ್ಲ. ನೀನು ದುಡ್ಡು ಕೊಟ್ಟು, ಕುಂಡದ ಸಮೇತ ಹೊತ್ಕೊಂಡು ಹೋಗ್ತಿದೀಯಲ್ಲ!"

"ನಗಬ್ಯಾಡ. ಅವ್ನ ಬೋಣಿ ಕೆಡ್ಸಿ ಬರ್ಲಾ ಅಂಗಾರೆ?"

ನಾಲ್ಕನೆಯದು ಬಟ್ಟೆ ಅಂಗಡಿ. ಅಲ್ಲೂ ನಾವೇ ಮೊದಲು. ಬೇಕಂತಲೇ ಸುಕ್ಕು ಮಾಡಿದ ಕುರ್ತಾಗಳು. ಅಲ್ಲಿ ಅಕ್ಕನಿಗೆ ದಕ್ಕುವಂಥದ್ದು ಕೂದಲಿಗೆ ಹಾಕುವ ಒಂದು ಬಟ್ಟೆಯ ರಬ್ಬರ್ ಬ್ಯಾಂಡು. ಹೊರಗೆ ಬಂದಾಗ ಒಂದು ಗಂಟೆ ಹತ್ತಿರವಾಗಿತ್ತು. ಅವಳ ಕೈಚೀಲದಲ್ಲಿ ಇಡ್ಲಿ, ಪೆನ್ಸಿಲ್, ಕಳ್ಳಿ, ರಬ್ಬರ್ ಬ್ಯಾಂಡು. ಚಂದಾ ಎತ್ತಲು ಹೊರಟವರ ಚೀಲದಲ್ಲೂ ಇದಕ್ಕಿಂತ ಅರ್ಥವಿರುವ ಸಾಮಾನು ಸಿಗುತ್ತದೆ. ನಾನು ನಕ್ಕೂ ನಕ್ಕೂ ಸುಸ್ತಾಗಿದ್ದೆ. ಅಕ್ಕ ನಗುತ್ತಿರಲಿಲ್ಲ.

"ನಾಲ್ಕಾಯ್ತು. ನಾಲ್ಕು ಅಂಗ್ಡಿ ಮುಳುಗ್ಸಿ ಬಂದ್ನಲ್ಲೇ," ಎಂದಳು. ಕಣ್ಣು ತುಂಬಿತ್ತು.

ಅಲ್ಲಿಯವರೆಗೆ ಇದೆಲ್ಲ ಅವಳಿಗೆ ಊರಿನವರ ಬಾಯಿಗೆ ಹೆದರಿ ನಡೆಸುವ ಒಂದು ಶಾಸ್ತ್ರ ಅಂದುಕೊಂಡಿದ್ದೆ. ಅವಳು ಅದನ್ನು ನಿಜವೆಂದೇ ನಂಬಿಬಿಟ್ಟಿದ್ದಾಳೆ ಎಂದು ಆಗ ಗೊತ್ತಾಯಿತು. ನಾಲ್ಕು ವರ್ಷದಲ್ಲಿ ಯಾರೂ ಅದು ಸುಳ್ಳು ಎಂದು ಅವಳಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನನ್ನ ಮನೆಯ ಹಿತ್ತಿಲ ಬಾಗಿಲು ನೆನಪಾಯಿತು.

ಊಟಕ್ಕೆಂದು ಇನ್ನೊಂದು ಕೆಫೆಗೆ ಹೋದೆವು. ಅಲ್ಲಿ ಕಾಲಿಡಲು ಜಾಗವಿರಲಿಲ್ಲ, ಬೋಣಿಯ ಚಿಂತೆಯೂ ಇರಲಿಲ್ಲ. ಮಣ್ಣಿನ ಬಟ್ಟಲಿನಲ್ಲಿ ನವಣೆ ಅನ್ನ, ಅದರ ಮೇಲೆ ಹಸಿ ಸೊಪ್ಪು. ನಮ್ಮಜ್ಜಿ ಬೇಜಾರಾದ ದಿನ ಮಾಡುತ್ತಿದ್ದ ಅಡುಗೆ ಅದು. ಅಕ್ಕ ನಾಲ್ಕು ತುತ್ತು ತಿಂದು ಮಗಳಿಗೆ ಫೋನ್ ಮಾಡಿದಳು.

"ಬೋಣಿ ಆಯ್ತೇನಮ್ಮ?"

"ಇಲ್ಲಮ್ಮ."

"ಇನ್ನಾ ಆಗಿಲ್ವಾ? ಒಂದೂವರೆ ಆಯ್ತಲ್ಲೇ?"

"ಆಗಿಲ್ಲ," ಎಂದು ಮಗಳು ಫೋನ್ ಇಟ್ಟುಬಿಟ್ಟಳು.

ಅಕ್ಕ ಚಮಚ ಕೆಳಗಿಟ್ಟಳು. "ನಾನು ಈ ಏರಿಯಾಕ್ಕೆ ಕಾಲಿಟ್ಟಿದ್ದೇ ತಪ್ಪು. ನಡಿ, ಅವ್ಳನ್ನ ನೋಡ್ಕಂಡು ಊರಿಗೆ ಓಗ್ಬುಡಣ."

ಮಗಳ ಅಂಗಡಿಗೆ ಹೋಗುವ ದಾರಿಯಲ್ಲೇ ಮೇಣದಬತ್ತಿಯ ಅಂಗಡಿ. ಅಕ್ಕ ಅದರ ಎದುರಿನ ಫುಟ್‌ಪಾತಿನಲ್ಲಿ ಮುಖ ತಗ್ಗಿಸಿ ನಡೆದಳು. ಆದರೆ ಗೌಡಗೆರೆಯವರ ಕಣ್ಣಿಗೆ ಬಿದ್ದೇಬಿಟ್ಟೆವು.

"ತಾಯೀ! ಮಧುಗಿರಿ ತಾಯೀ!" ಅವರು ರಸ್ತೆ ದಾಟಿ ಓಡಿ ಬಂದರು. "ಏನ್ ಕೈ ತಾಯಿ ನಿಮ್ದು! ನೀವ್ ಓಗಿದ್ದೇ ಓಗಿದ್ದು, ಜನ ನಿಂತೇ ಇಲ್ಲ. ನಂಗೆ ಬಾಗ್ಲು ತೆಗ್ದೂ ತೆಗ್ದೂ ತೋಳು ನೋವು. ಒಂದ್ ಬೀಡಿ ಸೇದಕ್ಕೆ ಪುರುಸೊತ್ತಿಲ್ಲ."

ಅಕ್ಕ ನಿಂತುಬಿಟ್ಟಳು. ಎದುರಿನ ಗಾಜಿನೊಳಗೆ ನಿಜಕ್ಕೂ ಜನ ತುಂಬಿದ್ದರು. ಆ ಹುಡುಗಿ ತಲೆ ಎತ್ತಲೂ ಬಿಡುವಿಲ್ಲದೆ ಪೊಟ್ಟಣ ಕಟ್ಟುತ್ತಿದ್ದಳು. ಭಾನುವಾರದ ಮಧ್ಯಾಹ್ನ ಅಂಥ ಬೀದಿಯಲ್ಲಿ ಜನ ಸೇರದೆ ಇನ್ನೇನು ಎಂದು ನಾನು ಹೇಳಬಹುದಿತ್ತು. ಜನ್ಮದಲ್ಲಿ ಒಮ್ಮೆ ಬಾಯಿ ಮುಚ್ಚಿಕೊಂಡೆ. ಅಕ್ಕ ಮತ್ತೆ ಹೆಜ್ಜೆ ಹಾಕಿದಳು. ಆದರೆ ದಾರಿ ಬದಲಾಯಿತು. ಬೇಕಂತಲೇ ಬಳಸಿಕೊಂಡು ಪೆನ್ನಿನ ಅಂಗಡಿ, ಗಿಡದ ಅಂಗಡಿ, ಬಟ್ಟೆ ಅಂಗಡಿ ಮೂರರ ಮುಂದೆಯೂ ಹೋದಳು. ಮೂರು ಕಡೆಯೂ ಗಾಜಿಗೆ ಮೂಗು ಹಚ್ಚಿ ನೋಡಿದಳು. ಗಿಡದವನ ಹತ್ತಿರ ಇಬ್ಬರೇ ಇದ್ದರು. "ಇಬ್ರು ಅವ್ರೆ," ಎಂದಳು, ತನಗೇ ಹೇಳಿಕೊಳ್ಳುವಂತೆ. "ಮುಳುಗಿಲ್ಲ."

ಮಗಳ ಅಂಗಡಿ ಅಡ್ಡರಸ್ತೆಯ ಕೊನೆಯಲ್ಲಿ, ಒಂದು ಮನೆಯ ಮೆಟ್ಟಿಲ ಕೆಳಗೆ. ಯಾರೂ ಇರುವುದಿಲ್ಲ ಎಂದು ಹೆದರಿಕೊಂಡು ಹೋದರೆ ಬಾಗಿಲಲ್ಲಿ ಐದಾರು ಜನ ನಿಂತಿದ್ದರು. ನಾಯಿ ಹಿಡಿದ ಒಬ್ಬ ಅಜ್ಜ ಕಟ್ಟೆಯ ಮೇಲೆ ಕೂತು ಚಿಕ್ಕಿಯ ಚೂರು ಚೀಪುತ್ತಿದ್ದರು. ಎಲ್ಲರ ಕೈಯಲ್ಲೂ ರುಚಿಗೆ ಕೊಟ್ಟ ಚಟ್ನಿಪುಡಿ, ಚಿಕ್ಕಿ. ಯಾರ ಕೈಯಲ್ಲೂ ಪೊಟ್ಟಣವಿಲ್ಲ.

"ನಿಮ್ಮ ತಾಯಿ ಇವರೇನಾ?" ಎಂದು ಅಜ್ಜ ಮಗಳನ್ನು ಕೇಳಿದರು. "ಬನ್ನಿ ಅಮ್ಮ, ಅರ್ಧ ಗಂಟೆಯಿಂದ ಕಾಯ್ತಿದೀವಿ. ನೀವು ಬರೋವರೆಗೂ ಏನೂ ಮಾರಲ್ವಂತೆ ಈ ಹುಡುಗಿ."

ಅಕ್ಕ ಮಗಳ ಕಡೆ ತಿರುಗಿದಳು. "ಏನೇ ಇದು? ಬೆಳಿಗ್ಗೆಯಿಂದ ಜನ ಬಂದ್ರಾ?"

"ತುಂಬಾ ಜನ ಬಂದ್ರಮ್ಮ. ಎಲ್ರಿಗೂ ರುಚಿ ತೋರಿಸ್ದೆ. ಕೆಲವರು ಕಾದ್ರು, ಕೆಲವರು ಬೇಜಾರು ಮಾಡ್ಕೊಂಡು ಹೋದ್ರು."

"ಮಾರ್ಬೇಕಾಗಿತ್ತು ತಾನೇ? ತಲೆ ಕೆಟ್ಟೈತಾ ನಿಂಗೆ?"

"ಬೋಣಿ ಆಗಿಲ್ವಲ್ಲ," ಎಂದಳು ಮಗಳು.

ಅಕ್ಕ ನನ್ನ ತೋಳು ಹಿಡಿದು ಮುಂದಕ್ಕೆ ನೂಕಿದಳು. "ನಿನ್ ಚಿಕ್ಕಮ್ಮ ಮಾಡ್ತಾಳೆ. ಮುತ್ತೈದೆ. ಮಾಡೇ."

ನಾನು ಕೈ ಬಿಡಿಸಿಕೊಂಡು ಹಿಂದಕ್ಕೆ ಹೋಗಿ ನಿಂತೆ. ನಾಯಿಯ ಪಕ್ಕ. "ನನ್ನ ಕೈಗುಣ ನೆಟ್ಟಗಿಲ್ಲ ಅಕ್ಕ. ಯಾವತ್ತೂ ನೆಟ್ಟಗಿರಲಿಲ್ಲ. ಗೃಹಪ್ರವೇಶದ ದಿನ ಹಾಲು ನೀನು ಉಕ್ಕಿಸಬೇಕಾಗಿತ್ತು. ನಾನು ಕರೆಯಲಿಲ್ಲ. ನಂದು ತಪ್ಪಾಯ್ತು," ಅಂದೆ. ಗೊತ್ತಿಲ್ಲದ ಐದಾರು ಜನರ ಮುಂದೆ, ನಡುರಸ್ತೆಯಲ್ಲಿ, ಅದನ್ನು ಹೇಳಿದೆ. ಅಕ್ಕ ನನ್ನನ್ನೇ ನೋಡಿದಳು.

ಮಗಳು ಕೌಂಟರಿನ ಹಿಂದಿನ ಗೋಡೆಯ ಕಡೆ ತಿರುಗಿದಳು. ಅಲ್ಲೊಂದು ಮೊಳೆ. ಮೊಳೆಯಲ್ಲಿ ಒಂದು ಹಳೆಯ ಸ್ಟೀಲ್ ಚಮಚ, ಹಿಡಿಕೆಯ ತುದಿ ಚೂರು ಬಾಗಿದ್ದು. ಪಾತ್ರೆ ಅಂಗಡಿ ಬೇರೆಯವರ ಪಾಲಾದ ದಿನ ಅದೆಲ್ಲಿ ಹೋಯಿತೆಂದು ನಾವ್ಯಾರೂ ಕೇಳಿರಲಿಲ್ಲ. ಅವಳು ಅದನ್ನು ತೆಗೆದು ಕೌಂಟರಿನ ಮೇಲಿಟ್ಟಳು. ಅಪ್ಪನ ಹಾಗೆಯೇ ಗಂಭೀರವಾಗಿ, ತಾಯಿಯ ಮುಖವನ್ನೇ ಕಂಡಿಲ್ಲದವಳ ಹಾಗೆ ನಿಂತಳು.

"ಏನ್ ಬೇಕಿತ್ತಮ್ಮ?"

ಅಕ್ಕ ಕೌಂಟರಿನ ಹತ್ತಿರ ಬಂದಳು. ಸೆರಗಿನ ಗಂಟು ಬಿಚ್ಚಲು ಹೋದಳು. ಗಂಟು ಬಿಗಿದುಕೊಂಡಿತ್ತು. ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. ಒಂದು ರೂಪಾಯಿ ತೆಗೆದು ಕೌಂಟರಿನ ಮೇಲಿಟ್ಟು, "ಒಂದು ಚಮ್ಚ ಕೊಡಿ" ಅಂದಳು.

ಮಗಳು ರೂಪಾಯಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಬೇಗ ತೆಗೆಯಲಿಲ್ಲ. ನನಗೆ ಅಳು ಬಂದುಬಿಟ್ಟಿತು, ಮುಚ್ಚಿಡಲು ಹೋಗಲಿಲ್ಲ. ನಾಯಿ ನನ್ನ ಸೀರೆ ಮೂಸುತ್ತಿತ್ತು. ಕಟ್ಟೆಯ ಮೇಲಿನ ಅಜ್ಜನಿಗೆ ಏನು ತಿಳಿಯಿತೋ, ಎದ್ದು ಬಂದು, "ಈಗ ನನಗೆ ಅರ್ಧ ಕೆಜಿ ಚಿಕ್ಕಿ ಕೊಡಮ್ಮ" ಎಂದರು. ಅಲ್ಲಿಂದ ಸಾಲು ಹತ್ತಿತು. ಅಕ್ಕ ಐದು ನಿಮಿಷ ಮೂಲೆಯಲ್ಲಿ ಕೂತಿದ್ದು, ಆಮೇಲೆ ತಾನೇ ಎದ್ದು, ಸೆರಗು ಸಿಕ್ಕಿಸಿ, ಪೊಟ್ಟಣ ಕಟ್ಟಲು ನಿಂತಳು. ಗಿರಾಕಿಯೊಬ್ಬಳು ಚಟ್ನಿಪುಡಿಯ ಬೆಲೆ ಕಡಿಮೆ ಮಾಡಿ ಅಂದದ್ದಕ್ಕೆ, "ಬೋಣಿ ಆಗೋಯ್ತಮ್ಮ, ಇನ್ ರೇಟು ಇಳಿಯಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು.

ನಾಲ್ಕು ಗಂಟೆಗೆ ಹೊರಟೆವು. ಚಮಚ ಅಂಗಡಿಯ ಮೊಳೆಗೇ ಹೋಯಿತು. ಬದಲಿಗೆ ಅಕ್ಕ ಪಾಪಾಸುಕಳ್ಳಿಯನ್ನು ಮಗಳ ಕೌಂಟರಿನ ಮೇಲಿಟ್ಟು, ದೃಷ್ಟಿ ತಾಗುವುದಿಲ್ಲ ಎಂದಳು. ಇಡ್ಲಿ, ಪೆನ್ಸಿಲ್ ನನ್ನ ಪಾಲಿಗೆ ಬಂದವು. ಬಸ್ಸಿನಲ್ಲಿ ದಾಬಸ್‌ಪೇಟೆ ಬರುವ ಮುಂಚೆಯೇ ಅವಳಿಗೆ ನಿದ್ದೆ ಹತ್ತಿತು.

ಮಾರನೇ ದಿನ ಸೋಮವಾರ. ಆರೂವರೆಗೆ ನನ್ನ ಮನೆಯ ಬಾಗಿಲು ತಟ್ಟಿದ ಸದ್ದು. ತೆಗೆದರೆ ಅಕ್ಕ, ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿ, ಕೈಯಲ್ಲಿ ಬುಟ್ಟಿ. ಜಡೆಗೆ ಆ ರಬ್ಬರ್ ಬ್ಯಾಂಡು.

"ಹೂವಿಗೆ ಓಗಣ ಬಾ."

"ಇಷ್ಟು ಹೊತ್ತಿಗಾ?"

"ಊಂ. ಇಷ್ಟೊತ್ಗೇ."

ಪೇಟೆಯಲ್ಲಿ ಹೂವಿನವಳು ಆಗತಾನೆ ಗೋಣಿ ಹಾಸಿ ಕೂತಿದ್ದಳು. ಅಕ್ಕನನ್ನು ಕಂಡು ಅವಳ ಕೈ ಮಾಲೆಯ ಮೇಲೆ ನಿಂತಿತು. "ಒಂಚೂರು..." ಎಂದು ಶುರು ಮಾಡಿದಳು.

"ಗೊತ್ತು ಕಣಮ್ಮ, ಇನ್ನಾ ಬೋಣಿ ಆಗಿಲ್ಲ," ಎಂದಳು ಅಕ್ಕ. "ಅದಕ್ಕೇ ಬಂದಿರಾದು. ನಿನ್ನೆ ಬೆಂಗ್ಳೂರಾಗೆ ಐದು ಅಂಗ್ಡಿಗೆ ಬೋಣಿ ಮಾಡಿ ಬಂದಿವ್ನಿ. ಒಂದೂ ಮುಳುಗ್ಲಿಲ್ಲ. ಎರಡು ಮೊಳ ಅಳೆ."

ಹೂವಿನವಳು ಅಕ್ಕನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಕಣ್ಣು ಕದಲಿಸಲಿಲ್ಲ. ಅವಳು ಮೊಣಕೈಗೆ ಮಾಲೆ ಹಿಡಿದು ಒಂದು ಮೊಳ ಅಳೆದಳು, ಎರಡು ಅಳೆದ ಮೇಲೂ ಕತ್ತರಿಸದೆ ಇನ್ನೂ ಅರ್ಧ ಮೊಳ ಬಿಟ್ಟು ಕತ್ತರಿಸಿದಳು. "ಇರ್ಲಿ ಬುಡಕ್ಕ, ಬೋಣಿ," ಎಂದು ಮೆಲ್ಲಗೆ ಹೇಳಿ, ಎಲೆಯಲ್ಲಿ ಕಟ್ಟಿ ಕೊಟ್ಟಳು.

ಅವಳು ದುಡ್ಡನ್ನು ಕಣ್ಣಿಗೊತ್ತಿಕೊಳ್ಳುತ್ತಾಳೋ ಇಲ್ಲವೋ ಎಂದು ನಾನು ನೋಡುತ್ತಾ ನಿಂತೆ. ಅಕ್ಕ ನೋಡಲಿಲ್ಲ. ಅವಳು ಆಗಲೇ ಬುಟ್ಟಿ ಬೀಸಿಕೊಂಡು ತರಕಾರಿ ಅಂಗಡಿಯ ಕಡೆ ಹೊರಟಿದ್ದಳು. ಅಲ್ಲಿ ಇನ್ನೂ ಶಟರ್ ಎತ್ತುತ್ತಿದ್ದರು.